ರಾಣಿ ಉಸಿರು ತೆಗೆದುಕೊಳ್ಳುವ ಜಾಗ

ನಮ್ಮ ಮನೆಯಲ್ಲಿ ಒಬ್ಬ ರಾಣಿ ಇದ್ದಾಳೆ. ಸಿಂಗಾಪುರದ ಸೆಂಗ್‌ಕಾಂಗ್‌ನ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ದೋಸೆಗೆ ನೆನೆಹಾಕುತ್ತಾ, ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಬೈಯುತ್ತಾ ಇರುತ್ತಾಳೆ. ಅವಳು ನನ್ನ ಅಮ್ಮ. ನಾನು ಹುಟ್ಟುವ ಮೊದಲು ಇಲ್ಲಿನ ಕನ್ನಡದವರು ಸೇರಿಕೊಂಡು ತಾವೇ ಬರೆದ ಒಂದು ಸಂಗೀತ ನಾಟಕ ಆಡಿದರು. ಯುದ್ಧಕ್ಕೆ ಹೊರಟ ದೊರೆಯನ್ನು ಹೊಸಿಲಲ್ಲಿ ನಿಂತು ಕಳಿಸಿಕೊಡುವ ರಾಣಿಯ ಪಾತ್ರವನ್ನು ಮೊಟ್ಟಮೊದಲು ಹಾಡಿದವಳು ಅಮ್ಮ. ಮನೆಗೆ ಬಂದವರು ಯಾರೂ ಕಾಫಿ ಮುಗಿಸುವುದರೊಳಗೆ ಈ ವಿಷಯ ಕೇಳದೆ ಹೋಗಿದ್ದಿಲ್ಲ. ಏರ್‌ಕಾನ್ ರಿಪೇರಿಗೆ ಬರುವ ಚೀನೀ ಅಂಕಲ್‌ಗೂ ಗೊತ್ತು.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವಳು ಒಪೆರಾ ಕೋರಸ್ಸಿನಲ್ಲಿ ಹಾಡುತ್ತಾಳೆ. ಅವರಲ್ಲೂ ಹೀಗೇ ಅಂತೆ. ಪಾತ್ರವನ್ನು ಮೊದಲು ಹಾಡಿದವರ ಹೆಸರನ್ನು ಸ್ವರಪುಸ್ತಕದ ಮೊದಲ ಪುಟದಲ್ಲೇ ಅಚ್ಚು ಹಾಕುತ್ತಾರಂತೆ. ಅವರ ಗಂಟಲು ನೋಡಿ ಬರೆದ ಸ್ವರಗಳನ್ನು ಆಮೇಲೆ ಬಂದವರೆಲ್ಲ ಒದ್ದಾಡಿಕೊಂಡು ಹಾಡಬೇಕಂತೆ. ಜುರಾಂಗ್ ಈಸ್ಟ್‌ನ ಹಾಕರ್ ಸೆಂಟರ್‌ನಲ್ಲಿ ಊಟ ಮಾಡುತ್ತಾ ಅವಳು ಇದನ್ನು ಹೇಳಿದಾಗ ನನಗೆ ಆ ಗಾಯಕರ ಮೇಲೆ ಹೊಟ್ಟೆಕಿಚ್ಚು ಬಂತು. ಅವರ ಮೊದಲ ರಾಣಿಯರು ಎಂದೋ ಸತ್ತುಹೋಗಿದ್ದಾರೆ, ರಿಹರ್ಸಲ್‌ಗೆ ಬರುವುದಿಲ್ಲ. ನಮ್ಮಮ್ಮ ಬರುತ್ತಾಳೆ.

ಆ ನಾಟಕ ಇಲ್ಲಿನವರಿಗೆ ಎಷ್ಟು ಹಿಡಿಸಿತ್ತೆಂದರೆ, ಕೆಲವು ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಆಡುತ್ತಾರೆ. ಅಮ್ಮನ ನಂತರ ನಾಲ್ಕು ಜನ ಆಂಟಿಯರು ರಾಣಿಯಾಗಿದ್ದಾರೆ. ನಾಲ್ವರ ರಿಹರ್ಸಲ್‌ಗೂ ಅಮ್ಮ ಕಲ್ಲುಸಕ್ಕರೆಯ ಡಬ್ಬಿ ಹಿಡಿದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂತಿದ್ದಾಳೆ. ಅವಳ ಕಾನೂನು ಎರಡೇ. ಒಂದು, ರಾಣಿ ನಾಟಕದುದ್ದಕ್ಕೂ ಹೂವಿನ ಹಿತ್ತಾಳೆ ತಟ್ಟೆಯನ್ನು ಹೊಟ್ಟೆಯ ಮುಂದೆ ಹಿಡಿದಿರಬೇಕು. ಎರಡು, ‘ಹೋಗಿ ಬಾ ದೊರೆಯೇ, ಹೊಸಿಲಲ್ಲೇ ನಿಂತಿರುವೆ’ ಅನ್ನುವ ಸಾಲಿನಲ್ಲಿ ‘ಹೊಸಿಲಲ್ಲೇ’ ಆದಮೇಲೆ ಪೂರ್ತಿ ನಿಲ್ಲಿಸಿ, ಉಸಿರು ತೆಗೆದುಕೊಂಡು, ಆಮೇಲೆ ಮುಂದಕ್ಕೆ ಹಾಡಬೇಕು. ಆ ನಿಲುಗಡೆಗೆ ಜನ ಕಾದು ಕೂತು ಚಪ್ಪಾಳೆ ತಟ್ಟುತ್ತಾರೆ. ತಟ್ಟೆಯೆಂದರೆ ರಾಜ್ಯದ ಭಾರ, ನಿಲುಗಡೆಯೆಂದರೆ ರಾಣಿ ನುಂಗಿಕೊಂಡ ದುಃಖ ಅಂತ ಯೂನಿವರ್ಸಿಟಿಯಲ್ಲಿ ಪಾಠ ಮಾಡುವ ಅಂಕಲ್ ಒಬ್ಬರು ಒಮ್ಮೆ ಇಪ್ಪತ್ತು ನಿಮಿಷ ಭಾಷಣ ಮಾಡಿದ್ದರು. ಅಮ್ಮ ಕಣ್ಣು ಮುಚ್ಚಿ ತಲೆದೂಗುತ್ತಾ ಕೇಳಿದ್ದಳು.

ಹೋದ ವರ್ಷ ಅಮ್ಮನಿಗೆ ಥೈರಾಯ್ಡ್ ಆಪರೇಷನ್ ಆಯಿತು. ಜೀವಕ್ಕೇನೂ ತೊಂದರೆಯಾಗಲಿಲ್ಲ, ಆದರೆ ದನಿ ಹೋಯಿತು. ಮಾತು ಗೊರಗೊರ ಅಂತ ಬರುತ್ತದೆ, ಹಾಡು ಬರುವುದೇ ಇಲ್ಲ. ಈ ವರ್ಷ ರಾಣಿಯ ಪಾತ್ರ ನನ್ನ ಪಾಲಿಗೆ ಬಂತು. ನನಗೆ ಇಪ್ಪತ್ತೈದು, ನನ್ನ ಕನ್ನಡದಲ್ಲಿ ಆಗಾಗ ಇಲ್ಲಿನ ಇಂಗ್ಲಿಷಿನ ‘ಲಾ’ ನುಸುಳುತ್ತದೆ. ನಾನು ಒಪ್ಪಿಕೊಂಡದ್ದು ಒಂದೇ ಆಸೆಗೆ. ಅಮ್ಮ ಯಾವ ರಾಣಿಗೂ ಇದುವರೆಗೆ ‘ಚೆನ್ನಾಗಿತ್ತು’ ಅಂದಿರಲಿಲ್ಲ, ‘ಪರವಾಗಿಲ್ಲ’ ಅನ್ನುವುದೇ ಅವಳ ದೊಡ್ಡ ಸರ್ಟಿಫಿಕೇಟ್. ಆ ಒಂದು ಮಾತು ನನಗೆ ಅವಳ ಬಾಯಿಂದ ಬೇಕಿತ್ತು.

ರಿಹರ್ಸಲ್ ನಮ್ಮ ಬ್ಲಾಕಿನ ತಳದಲ್ಲಿ ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ನಲ್ಲಿ ನಡೆಯುತ್ತಿತ್ತು. ಹಾರ್ಮೋನಿಯಂ ನುಡಿಸುವ ಅಂಕಲ್ಲೇ ಆ ಹಾಡಿಗೆ ರಾಗ ಹಾಕಿದವರು, ಈಗ ಎಪ್ಪತ್ತು ದಾಟಿದ್ದಾರೆ. ಮೂರನೇ ದಿನ ನಾನು ಹಾಡಿನಲ್ಲೇ ಮೈಮರೆತು ಆ ಸಾಲನ್ನು ನಿಲ್ಲಿಸದೆ ಹಾಡಿಬಿಟ್ಟೆ. ನನಗೆ ಈಜಿನ ಅಭ್ಯಾಸವಿದೆ, ಉಸಿರಿಗೇನೂ ಬರವಿಲ್ಲ. ಅಮ್ಮ ಕಲ್ಲುಸಕ್ಕರೆ ಡಬ್ಬಿಯಿಂದ ಕುರ್ಚಿಯ ಕೈಗೆ ಟಕಟಕ ಕುಟ್ಟಿದಳು.

“ನಿಲ್ಲಿಸ್ಬೇಕು ಅಲ್ಲಿ.”

“ಯಾಕಮ್ಮ? ಉಸಿರು ಸಾಕಾಗತ್ತೆ ನಂಗೆ.”

“ನಾನು ನಿಲ್ಲಿಸಿದ್ದೆ, ಅದಕ್ಕೆ.”

ಹಾರ್ಮೋನಿಯಂ ಅಂಕಲ್ ಕನ್ನಡಕ ತೆಗೆದು ಒರೆಸಿದರು. “ನಿಜ ಹೇಳ್ಬೇಕಂದ್ರೆ ಅದು ಒಂದೇ ಉಸಿರಿನ ಸಾಲು ಕಣಮ್ಮ. ಜುರಾಂಗ್ ಐಲ್ಯಾಂಡ್‌ಗೆ ಹೋಗೋ ಕಂಪನಿ ಬಸ್ಸಲ್ಲಿ ಕೂತು ಕಂಪೋಸ್ ಮಾಡಿದ್ದು. ಪ್ರಾಕ್ಟೀಸ್ ಶುರುವಾದಾಗ ನಿಮ್ಮಮ್ಮ ಸಲೀಸಾಗಿ ಹಾಡ್ತಿದ್ರು. ಫಸ್ಟ್ ಶೋನಲ್ಲಿ ಮಧ್ಯ ನಿಲ್ಲಿಸ್ಬಿಟ್ರು. ಮರ್ತೋದ್ರು ಅನ್ಕೊಂಡು ನಾನೂ ಹಾರ್ಮೋನಿಯಂನಿಂದ ಕೈ ಎತ್ತಿದೆ. ಜನ ಚಪ್ಪಾಳೆ ತಟ್ಟಿದ್ರು. ಆಮೇಲೆ ನನ್ನ ಮಾತು ಯಾರು ಕೇಳ್ತಾರೆ?”

ಅಮ್ಮ ಡಬ್ಬಿ ಮುಚ್ಚಿಕೊಂಡು ಎದ್ದು ಲಿಫ್ಟ್ ಕಡೆ ಹೊರಟೇಬಿಟ್ಟಳು. ನಾನು ಅವಳ ಹಿಂದೆ ಓಡಿದೆ. ಮನೆಗೆ ಬಂದು ಹುರುಳೀಕಾಯಿ ಮುರಿಯಲು ಕೂತಮೇಲೆ ನನ್ನ ಮುಖ ನೋಡದೆ ಹೇಳಿದಳು.

“ಆರು ತಿಂಗಳು.”

“ಏನು ಆರು ತಿಂಗಳು?”

“ನೀನು. ಹೊಟ್ಟೇಲಿದ್ದೆ. ಉಸಿರು ಎಲ್ಲಿಂದ ತರ್ಲಿ?”

ಯಾರಿಗೂ ಹೇಳಿರಲಿಲ್ಲವಂತೆ. ಹೇಳಿದರೆ ರೆಸ್ಟ್ ತಗೊಳ್ಳಿ ಅಂತ ನಯವಾಗಿ ಪಾತ್ರ ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತಿದ್ದರು ಅನ್ನುವ ಭಯ. ಮೈ ತುಂಬಿಕೊಂಡದ್ದನ್ನು ನೋಡಿದವರು ಸಿಂಗಾಪುರದ ಊಟ ಚೆನ್ನಾಗಿ ಒಗ್ಗಿದೆ ಅಂದುಕೊಂಡರಂತೆ.

“ಹಾಗಾದ್ರೆ ಆ ತಟ್ಟೆ?”

“ಮತ್ತೆ ಹೊಟ್ಟೆ ಯಾವುದ್ರಲ್ಲಿ ಮುಚ್ಚೋದು?”

ನಾನು ನೆಲದ ಮೇಲೆ ಕೂತು ನಕ್ಕೆ. ನಾಲ್ಕು ಜನ ಆಂಟಿಯರು, ಒಬ್ಬೊಬ್ಬರೂ ಎರಡೆರಡು ಗಂಟೆ, ನನ್ನನ್ನು ಮುಚ್ಚಿಡುವ ತಟ್ಟೆಯನ್ನು ಹೊತ್ತಿದ್ದರು. ಒಬ್ಬರಿಗಂತೂ ಭುಜ ಹಿಡಿದುಕೊಂಡು ವಾರಗಟ್ಟಲೆ ಮುಲಾಮು ಹಚ್ಚಬೇಕಾಗಿ ಬಂದಿತ್ತು. ಇದೆಲ್ಲ ಗೊತ್ತಿದ್ದೂ ಅಮ್ಮ ಮುಂದಿನ ಸಾಲಿನಲ್ಲಿ ಕೂತು ತಟ್ಟೆ ಇನ್ನೂ ಸ್ವಲ್ಪ ಮೇಲೆ, ಇನ್ನೂ ಸ್ವಲ್ಪ ಮೇಲೆ ಅನ್ನುತ್ತಿದ್ದಳಲ್ಲ. ಅವಳ ಧೈರ್ಯ ಮೆಚ್ಚಬೇಕು.

ಅಮ್ಮ ನಗಲಿಲ್ಲ. “ಆ ಸಾಲು ಸ್ಟೇಜ್ ಮೇಲೆ ಒಂದೇ ಉಸಿರಲ್ಲಿ ಹೆಂಗಿರತ್ತೆ ಅಂತ ನಾನೇ ಕೇಳಿಲ್ಲ ಕಣೇ. ಬೇರೆಯವರು ನಿಲ್ಲಿಸದೆ ಹಾಡಿದ್ರೆ ನಾನು ತಪ್ಪಿದ್ದು ಗೊತ್ತಾಗ್ಬಿಡತ್ತೆ ಅಂತ ಯಾರಿಗೂ ಬಿಡ್ಲಿಲ್ಲ. ಈಗ ನಂಗಂತೂ ಗಂಟಲೇ ಇಲ್ಲ. ನೀನು ಹಾಡು. ನಿಲ್ಲಿಸ್ಬೇಡ, ತಟ್ಟೇನೂ ಬೇಡ.” ಅವಳ ಒಡೆದ ದನಿಯಲ್ಲಿ ಇಷ್ಟು ಉದ್ದದ ಮಾತು ಕೇಳಿ ನನ್ನ ನಗು ನಿಂತುಹೋಯಿತು. ಆ ದಿನದಿಂದ ಎಲ್‌ಆರ್‌ಟಿ ರೈಲಿನಲ್ಲಿ, ಸ್ನಾನದ ಮನೆಯಲ್ಲಿ, ಸಿಕ್ಕಿದಲ್ಲೆಲ್ಲ ಆ ಸಾಲನ್ನೇ ಹಾಡಿಕೊಂಡೆ.

ಶನಿವಾರ, ಭಾನುವಾರ ಎರಡು ಪ್ರದರ್ಶನ. ಶನಿವಾರ ‘ಹೊಸಿಲಲ್ಲೇ’ ಬಂದಾಗ ಹಾರ್ಮೋನಿಯಂ ಅಂಕಲ್ ಅಭ್ಯಾಸಬಲದಿಂದ ಕೈ ಎತ್ತಿದರು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಚಪ್ಪಾಳೆಗೆ ಕೈಗಳು ಮೇಲೇರಿದವು. ನಾನು ನಿಲ್ಲಿಸಲಿಲ್ಲ. ಕೈಗಳು ಹಾಗೇ ಗಾಳಿಯಲ್ಲಿ ಉಳಿದವು, ಅಂಕಲ್ ಗಡಬಡಿಸಿ ನನ್ನ ಹಾಡನ್ನು ಹಿಡಿದರು, ಸಾಲು ಇಡಿಯಾಗಿ ಮುಗಿಯಿತು. ಚಪ್ಪಾಳೆ ಬಂತು, ಸ್ವಲ್ಪ ತಡವಾಗಿ.

ಅಮ್ಮ ಗ್ರೀನ್‌ರೂಮಿಗೆ ಬಂದು ನನ್ನ ಬಾಯಿಗೆ ಕಲ್ಲುಸಕ್ಕರೆ ಹಾಕಿದಳು. “ಚೆನ್ನಾಗಿತ್ತು,” ಅಂದಳು.

ನನಗೆ ಅಳು ಬಂತು, ಬಾಯಲ್ಲಿ ಕಲ್ಲುಸಕ್ಕರೆ ಇದ್ದುದರಿಂದ ಅದೂ ಸರಿಯಾಗಿ ಆಗಲಿಲ್ಲ. ಅಷ್ಟರಲ್ಲಿ ಅವಳು ನನ್ನ ಸೆರಗು ಸರಿಮಾಡುತ್ತಾ ಮುಂದುವರಿಸಿದಳು.

“ಆದ್ರೆ ಅಲ್ಲಿ ನಿಲ್ಲಿಸ್ಬೇಕಿತ್ತು.”

“ಅಮ್ಮ, ನೀನೇ ತಾನೇ ನಿಲ್ಲಿಸ್ಬೇಡ ಅಂದಿದ್ದು?”

“ಹೂಂ, ನಾನೇ. ಕೇಳಿದ್ಮೇಲೆ ಗೊತ್ತಾಯ್ತು. ಆವತ್ತು ಅಲ್ಲಿ ನೀನಿದ್ದೆ. ಇವತ್ತು ಅಲ್ಲಿ ಯಾರೂ ಇರ್ಲಿಲ್ಲ.”

ಇಂಥವಳ ಜೊತೆ ಏಗುವುದು ಹೇಗೆ ಹೇಳಿ. ಭಾನುವಾರ ನಾನು ತಟ್ಟೆ ಹಿಡಿಯಲಿಲ್ಲ. ಆದರೆ ‘ಹೊಸಿಲಲ್ಲೇ’ ಅಂದವಳು ನಿಂತೆ. ಈ ಸಲ ಕೈ ಎತ್ತಬಾರದೆಂದು ಶಪಥ ಮಾಡಿ ಬಂದಿದ್ದ ಅಂಕಲ್ ಒಬ್ಬರೇ ಎರಡು ಸ್ವರ ಮುಂದೆ ಹೋಗಿ, ಬೆಪ್ಪಾಗಿ ವಾಪಸು ಬಂದರು. ಮುಂದಿನ ಸಾಲಿನಲ್ಲಿ ಅಮ್ಮ ಕಲ್ಲುಸಕ್ಕರೆ ಡಬ್ಬಿಯನ್ನು ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದಳು. ಅವಳು ಉಸಿರು ತೆಗೆದುಕೊಳ್ಳುವವರೆಗೆ ಕಾದು, ಮಿಕ್ಕಿದ್ದನ್ನು ಹಾಡಿದೆ.