ಸುಣ್ಣ ಹಚ್ಚಿದ ಕಲ್ಲು

ಅಥವಾ ಆ ಕಲ್ಲು ಗೋಡೆಯಲ್ಲಿ ಇರಲೇ ಇಲ್ಲವೋ ಏನೋ, ಹುಲ್ಲಿನಲ್ಲಿ ಮಗುಚಿ ಬಿದ್ದಿತ್ತೋ ಏನೋ. ಇಷ್ಟು ವರ್ಷ ನಾನು ಅದನ್ನು ಗೋಡೆಯಲ್ಲಿ, ನನ್ನ ಎದೆಯ ಮಟ್ಟಕ್ಕೆ, ನಿಲ್ಲಿಸಿಕೊಂಡು ಬಂದಿದ್ದೇನೆ. ಇವತ್ತು ಪಕ್ಕದ ಮನೆಗೆ ಸುಣ್ಣ ಬಳಿಯುತ್ತಿದ್ದಾರೆ. ಹಸಿ ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ಕಲ್ಲು ಜಾಗ ಬದಲಿಸಿತು. ನೀವು ನನ್ನ ಜೊತೆ ಬರುವುದಾದರೆ ಸ್ವಲ್ಪ ಅನುಮಾನ ಇಟ್ಟುಕೊಂಡೇ ಬನ್ನಿ.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಕಚೇರಿ, ಹೊಸ ಬೋರ್ಡು, ಹೊಸ ಮೊಹರು. ನನಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಗುವಂತಿತ್ತು. ಅದಕ್ಕೆ ಒಂದು ಕಾಗದ ಬೇಕಿತ್ತು, ನಮ್ಮ ಮನೆತನ ತಲೆಮಾರುಗಳಿಂದ ಇಲ್ಲಿಯದೇ ಎಂದು. ನಾವು ಕೇಣಿಚಿರದ ಹತ್ತಿರ ಗದ್ದೆ ಮಾಡಿಕೊಂಡು ಮನೆಯಲ್ಲಿ ಕನ್ನಡ ಆಡುವವರು. ಸುಲ್ತಾನ್ ಬತ್ತೇರಿಯ ಕಚೇರಿಯಲ್ಲಿ ಅಪ್ಪನ ಮಾತಿನ ಧಾಟಿ ಕೇಳಿ, ನೀವು ಗುಂಡ್ಲುಪೇಟೆ ಕಡೆಯವರು, ಅಲ್ಲೇ ಕೇಳಿ ಎಂದಿದ್ದರು. ಗುಂಡ್ಲುಪೇಟೆಯಲ್ಲಿ, ನೀವು ಕೇರಳದವರು ಎಂದಿದ್ದರು. ಎರಡೂ ಕಡೆಗೆ ಬಸ್ಸಿಗೇನೂ ಕೊರತೆ ಇರಲಿಲ್ಲ.

ಆಗ ಅಪ್ಪನಿಗೆ ಕೋಟೆ ನೆನಪಾಯಿತು. ಬತ್ತೇರಿ ಪೇಟೆಯ ಹಿಂದಿನ ಆ ಪಾಳನ್ನು ಕೋಟೆ ಎಂದು ಕರೆಯುತ್ತಿದ್ದವರು ನಾವು. ಬಸದಿ ಎನ್ನುವವರಿದ್ದರು, ಸುಲ್ತಾನ ಮದ್ದುಗುಂಡು ತುಂಬಿಟ್ಟಿದ್ದ ಜಾಗ ಎನ್ನುವವರೂ ಇದ್ದರು. ಅಲ್ಲಿನ ಒಂದು ಕಲ್ಲಿನಲ್ಲಿ ಕನ್ನಡ ಬರವಣಿಗೆ ಇದೆ, ನಮ್ಮವರ ಹೆಸರಿದೆ ಎಂದು ತಾತ ಹೇಳಿದ್ದನಂತೆ. ತಾತನಿಗೆ ಓದು ಬರುತ್ತಿರಲಿಲ್ಲ. ಅಪ್ಪನಿಗೂ ಇಲ್ಲ. ಮನೆಯಲ್ಲಿ ಕನ್ನಡ ಅಕ್ಷರ ಕಂಡವಳು ನಾನೊಬ್ಬಳೇ. ಗುಂಡ್ಲುಪೇಟೆಯ ಸೋದರಮಾವನ ಮನೆಯಲ್ಲಿದ್ದು ಎರಡು ವರ್ಷ ಕನ್ನಡ ಶಾಲೆಗೆ ಹೋಗಿದ್ದೆ. ಮಾವನ ಕಾಗದ ಬಂದರೆ ಓದಿ ಹೇಳುವ ಹಕ್ಕು ನನ್ನದು. ಅಪ್ಪ ಪೂಜೆಗೆ ಕೂತವನ ಹಾಗೆ ಕಣ್ಣು ಮುಚ್ಚಿ ಕೇಳುತ್ತಿದ್ದ. ಅದು ನನ್ನ ತಲೆಗೆ ಏರಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಬೆಳಗಿನ ಬಸ್ಸಿನಲ್ಲಿ ಹೋದೆವು, ಅವ್ವ ಬಾಳೆಲೆಯಲ್ಲಿ ಕಟ್ಟಿಕೊಟ್ಟ ಅನ್ನ ಹಿಡಿದುಕೊಂಡು. ಬಿದ್ದ ಕಂಬಗಳ ನಡುವೆ ಯಾರದೋ ಮೇಕೆಗಳು ಮೇಯುತ್ತಿದ್ದವು. ಗೋಡೆಯ ಆಚೆ ಮೆಣಸಿನ ಚೀಲ ಇಳಿಸುವವರ ಕೂಗು. ಅಪ್ಪ ಕಲ್ಲನ್ನು ಹುಡುಕಿ, ನೀರು ಹಾಕಿ ತೊಳೆದು, ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದ. ನಮ್ಮವರು ಬರವಣಿಗೆಯ ಕಲ್ಲು ಕಂಡರೆ ಹೀಗೇ ಮಾಡುತ್ತಾರೆ: ಗೆರೆಗಳಿಗೆ ಸುಣ್ಣ ತುಂಬಿದರೆ ಅಕ್ಷರ ಎದ್ದು ಕಾಣುತ್ತದೆ. ಯಾವುದು ಅಕ್ಷರ, ಯಾವುದು ಬಿರುಕು ಎಂದು ಅಪ್ಪನಿಗೆ ಹೇಗೆ ತಿಳಿಯಬೇಕು? ಎಲ್ಲವನ್ನೂ ತುಂಬಿದ.

“ಓದು ಕೂಸೇ. ನಿಂಗಲ್ದೆ ಇನ್ಯಾರ್ಗೆ ಓದಕ್ ಬಂದದು.”

ನನಗೆ ಏನೂ ಹತ್ತಲಿಲ್ಲ. ಒಂದು ಕಡೆ ‘ಮ’ ಇದ್ದ ಹಾಗಿತ್ತು, ಅಷ್ಟೇ. ಬರುವುದಿಲ್ಲ ಎನ್ನಬಹುದಿತ್ತು. ಅದರ ಬದಲು ಬೆರಳಿಟ್ಟು ನಿಧಾನವಾಗಿ ಓದಿದೆ: ಮಾದಪ್ಪ, ಅವನ ಮಗ ಬಸವ, ಅವನ ಮಗ ಕೆಂಪ, ಇವರಿಗೆ ಹಳ್ಳದ ಮೇಲಣ ಗದ್ದೆ ಬಿಟ್ಟದ್ದು. ಪಿತೃಪಕ್ಷದಲ್ಲಿ ಎಡೆ ಇಡುವಾಗ ಅಜ್ಜಿ ಕರೆಯುತ್ತಿದ್ದ ಹೆಸರುಗಳು ಅವು. ಕೆಂಪ ಅಪ್ಪನ ಮುತ್ತಾತ. ಕಲ್ಲು ಸುಲ್ತಾನನಿಗಿಂತ ಹಳೆಯದು, ಅದರಲ್ಲಿ ಅವನ ಹೆಸರು ಇರುವ ಹಾಗೇ ಇರಲಿಲ್ಲ. ಅಷ್ಟು ಯೋಚಿಸುವ ಬುದ್ಧಿಯೂ ನನ್ನ ಸುಳ್ಳಿಗೆ ಇರಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು ಕಲ್ಲಿಗೆ ಕೈ ಮುಗಿದ.

ಅಲ್ಲಿಗೇ ಮುಗಿಯಿತೆಂದುಕೊಂಡಿದ್ದೆ. ಅಪ್ಪ ನೆಟ್ಟಗೆ ಕಚೇರಿಗೆ ನಡೆದ. ನನ್ನ ದುರದೃಷ್ಟಕ್ಕೆ ಅಲ್ಲಿನ ಗುಮಾಸ್ತರು ಒಳ್ಳೆಯವರು. ಕರಾವಳಿಯಿಂದ ಹೊಸ ಜಿಲ್ಲೆಗೆ ವರ್ಗವಾಗಿ ಬಂದಿದ್ದರು. ಊಟದ ಹೊತ್ತಿಗೆ ಪುಸ್ತಕ, ಪೆನ್ನು ಹಿಡಿದು ನಮ್ಮ ಹಿಂದೆಯೇ ಕೋಟೆಗೆ ಬಂದರು. ಓದು, ಬರೆದುಕೊಳ್ಳುತ್ತೇನೆ ಎಂದು ಮಲಯಾಳದಲ್ಲಿ ಹೇಳಿದರು. ನಾನು ಮತ್ತೆ ಕಲ್ಲಿನ ಮೇಲೆ ಬೆರಳಿಟ್ಟೆ. ಕೆಂಪ, ಅವನ ಮಗ ಬಸವ, ಎಂದು ಶುರುಮಾಡಿದೆ.

“ಮೊದ್ಲು ಮಾದಪ್ಪ ಅಂದಿಯಲ್ಲ ಕೂಸೇ,” ಎಂದ ಅಪ್ಪ. “ಕೆಂಪ ಕಡೇಲಿ.”

ಗುಮಾಸ್ತರಿಗೆ ಕನ್ನಡ ಬರುತ್ತಿರಲಿಲ್ಲ. ಹೆಸರುಗಳು ಜಾಗ ಬದಲಿಸಿದ್ದನ್ನು ತಿಳಿಯಲು ಕನ್ನಡ ಬೇಕಿರಲಿಲ್ಲ. ಅವರು ಹೆಬ್ಬೆರಳನ್ನು ಒದ್ದೆ ಮಾಡಿ ನಾನು ‘ಬಸವ’ ಎಂದಿದ್ದ ಜಾಗವನ್ನು ಉಜ್ಜಿದರು. ಸುಣ್ಣ ಹೋಯಿತು. ಕೆಳಗೆ ಬರೀ ಕಲ್ಲು. ಪೆನ್ನಿಗೆ ಮುಚ್ಚಳ ಹಾಕಿ, ಸಿಟ್ಟಿಲ್ಲದ ದನಿಯಲ್ಲಿ, ಇವಳು ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದು ಅಪ್ಪನನ್ನು ಕೇಳಿದರು.

“ಸುಣ್ಣ ಹಚ್ಚಿದ್ದು ನಾನು ಸಾರೇ,” ಎಂದ ಅಪ್ಪ.

ಕಾಗದ ಸಿಗಲಿಲ್ಲ, ಸೀಟು ಹೋಯಿತು. ಬಾಳೆಲೆಯ ಕಟ್ಟು ಬಿಚ್ಚದೆಯೇ ಮನೆಗೆ ವಾಪಸು ಬಂತು. ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಆ ದಿನವನ್ನು ಅಲ್ಲಿಗೇ ಮುಗಿಸಿಬಿಡುತ್ತಿದ್ದೆ. ಸ್ವಲ್ಪ ದಿನಕ್ಕೆ ಮಾವನ ಕಾಗದ ಬಂತು. ನಾನು ಜಗಲಿಯಲ್ಲೇ ಕೂತಿದ್ದೆ. ಅಪ್ಪ ಅದನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು ಕೇಣಿಚಿರದವರೆಗೆ ನಡೆದು, ಅಲ್ಲಿ ಕನ್ನಡ ಬಲ್ಲ ದರ್ಜಿಯೊಬ್ಬನಿಂದ ಓದಿಸಿಕೊಂಡು ಬಂದ. ಆಮೇಲಿನ ಕಾಗದಗಳೂ ಹಾಗೇ ದರ್ಜಿಯ ಹತ್ತಿರ ಹೋದವು. ಮಾವ ತೀರಿಕೊಂಡ ಸುದ್ದಿಯ ಕಾಗದವೂ. ಆ ಸುದ್ದಿ ನನಗೆ ಗೊತ್ತಾದದ್ದು ಅಪ್ಪ ಸ್ನಾನಕ್ಕೆ ಹೊರಟಾಗ.

ಇಷ್ಟು ದಿನ ಇದನ್ನು ಕೇಳಿದವರಿಗೆಲ್ಲ ನಾನು ಕಚೇರಿಯವರ ಕಥೆಯಾಗಿ ಹೇಳುತ್ತಿದ್ದೆ: ನಮ್ಮನ್ನು ಎರಡೂ ಕಡೆಯವರು ತಳ್ಳಿದರು ಎಂದು. ಅದು ನಿಜ, ಮತ್ತು ನನಗೆ ಅನುಕೂಲವಾದ ನಿಜ. ಈ ಸುಣ್ಣದ ವಾಸನೆಗೆ ಇನ್ನೊಂದು ಚಿತ್ರ ಎದ್ದುಬಂದಿದೆ. ನಾನು ಮೊದಲ ಸಲ ಓದುವಾಗ ಅಪ್ಪನ ತುಟಿ ಅಲುಗುತ್ತಿತ್ತು, ನನಗಿಂತ ಒಂದು ಹೆಸರು ಮುಂದೆ. ಕಂಡದ್ದೋ, ಈಗ ಬಿರುಕಿಗೆ ಸುಣ್ಣ ತುಂಬುತ್ತಿದ್ದೇನೋ, ಹೇಳಲಾರೆ.

ಪಕ್ಕದ ಗೋಡೆ ಒಣಗುತ್ತಿದೆ. ಬತ್ತೇರಿಗೆ ಬಸ್ಸು ಈಗಲೂ ಇದೆ. ಆ ದಿನದ ನಂತರ ನಾನು ಕೋಟೆಯ ಕಡೆ ಹೋಗಿಲ್ಲ. ಅಪ್ಪ ನನ್ನನ್ನು ತಿದ್ದಿದ್ದು ನಂಬಿದ್ದರಿಂದಲೋ, ಸುಳ್ಳೆಂದು ತಿಳಿದೂ ನನ್ನನ್ನು ಉಳಿಸಲೋ, ನನಗೆ ಗೊತ್ತಿಲ್ಲ. ಅವನಿರುವಾಗ ಕೇಳಲಿಲ್ಲ. ಆ ಕಲ್ಲಿನಲ್ಲಿ ಏನು ಬರೆದಿದೆ ಎಂಬುದೂ ಗೊತ್ತಿಲ್ಲ.