ಓಣಿಯ ಎಡೆಯೆಲ್ಲ ನಮ್ಮ ಆಕಳಿಗೆ

ನಾನು ಕಲಿತದ್ದು ಮೂರನೆಯ ಇಯತ್ತೆಯವರೆಗೆ. ಆದರೂ ಇದನ್ನು ಬರೆಯದೆ ಇರಲಾರೆ, ಅಷ್ಟು ಖುಷಿಯಾಗಿದೆ. ನನ್ನ ಮೊಮ್ಮಗಳು ದನದ ಮೇವಿನ ಸಂಗತಿಯನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತಾಳೆ. ಸವಣೂರಿನ ಜೋಳದ ಕಣಕಿ, ಶಿಗ್ಗಾಂವಿಯ ಶೇಂಗಾ ಹೊಟ್ಟು, ಹಿರೇಕೆರೂರಿನ ಗೋವಿನಜೋಳದ ದಂಟು, ನಮ್ಮ ಹಾನಗಲ್ಲಿನ ಭತ್ತದ ಹುಲ್ಲು; ಯಾವುದರಲ್ಲಿ ಎಷ್ಟು ಕಸುವಿದೆ, ಯಾವ ದನಕ್ಕೆ ಎಷ್ಟು ಹಾಕಬೇಕು, ಎಲ್ಲ ಅದರಲ್ಲಿದೆ. ಓದು ಬಾರದವರಿಗೆ ಮೊಬೈಲೇ ಕನ್ನಡದಲ್ಲಿ ಓದಿ ಹೇಳುತ್ತದೆ. ನೆಲದೊಳಗೆ ಕಾಳು ತುಂಬಿಡುವ ಹಗೇವು ಇದ್ದ ಹಾಗೆ ಅದು. ಆದರೆ ಎಷ್ಟು ಜನ ತೆಗೆದುಕೊಂಡರೂ ಬರಿದಾಗುವುದಿಲ್ಲ.

ಈ ಸಲ ಅವಳು ರಜೆಗೆ ಬಂದಾಗ ಮನೆಯಲ್ಲಿ ನಗು ಇರಲಿಲ್ಲ. ಬಿಳಿ ಆಕಳ ಹಾಲು ಇಳಿದಿತ್ತು. ಒಂದಿಷ್ಟು ದಿನ ಚೆನ್ನಾಗಿ ತಿನ್ನುವುದು, ಮತ್ತೆ ಮೋರೆ ತಿರುಗಿಸುವುದು, ಸಗಣಿ ನೀರಾಗುವುದು. ನಮ್ಮ ಯಜಮಾನರು ಬೇಸತ್ತು, ಬರುವ ಅಕ್ಕಿಆಲೂರು ಸಂತೆಗೆ ಒಯ್ದು ಮಾರುವುದೇ ಸೈ ಎಂದು ಕೂತಿದ್ದರು. ಕರು ಇದ್ದಾಗಿನಿಂದ ನನ್ನ ಕೈಯಲ್ಲೇ ಬೆಳೆದ ಆಕಳು. ನನಗೆ ಊಟ ಇಳಿಯುತ್ತಿರಲಿಲ್ಲ.

ಮೊಮ್ಮಗಳು ಕಟ್ಟೆಯ ಮೇಲೆ ಕೂತು ಮೊಬೈಲ್ ತೆಗೆದಳು. "ಅಜ್ಜಿ, ಇದಕ್ಕ ಏನೇನು ಹಾಕ್ತಿ, ಎಲ್ಲಾ ಹೇಳು."

ಹುಲ್ಲು, ಗಿರಣಿಯ ತವಡು, ಹಿಂಡಿ, ಬದುವಿನ ಹಸಿ ಮೇವು, ಎಲ್ಲ ಹೇಳಿದೆ. ಅವಳು ಒತ್ತಿ ಒತ್ತಿ ನೋಡಿದಳು. "ಮೇವು ಬರೋಬ್ಬರಿ ಐತಿ. ಹಾಲು ಇಳೀಬಾರದು ಅಂತೈತಿ."

"ಹಂಗಾರ ಆಕಳಿಗೆ ಹೇಳು, ಕಂಪ್ಯೂಟರ್ ಬೈತೈತಿ ಅಂತ," ಎಂದರು ಯಜಮಾನರು. "ಅದು ಎಂದಾರ ಸಗಣಿ ಬಳದೈತೇನು?"

"ಅದು ಬಳದಿಲ್ಲಜ್ಜಾ, ನಾ ಬಳದೇನಿ. ಸಂತಿ ತನಕಾರ ತಡಿ."

ಮರುದಿನ ಅಮಾವಾಸ್ಯೆ. ನಮ್ಮ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಎಮ್ಮೆ. ಆಕಳು ಇರುವುದು ನಮ್ಮಲ್ಲಿ ಮಾತ್ರ. ದೇವರಿಗೆ ತೋರಿಸಿದ ಎಡೆಯನ್ನು ಎಮ್ಮೆಗೆ ಇಡುವ ಪದ್ಧತಿಯಿಲ್ಲ, ಆಕಳಿಗೇ ಇಡಬೇಕು. ಮಧ್ಯಾಹ್ನ ಆಚೆ ಮನೆಯ ಅಕ್ಕ ತಾಟು ತಂದಳು. ಹೋಳಿಗೆ, ಅನ್ನ, ಕಡಬು. ಅವಳ ಹಿಂದೆ ಇನ್ನೊಬ್ಬಳು. ಅವಳ ಹಿಂದೆ ಮತ್ತೊಬ್ಬಳು. ಆಕಳು ಎಲ್ಲರ ತಾಟನ್ನೂ ನೆಕ್ಕಿ ಬೆಳಗಿಕೊಟ್ಟಿತು.

ಮೊಮ್ಮಗಳು ಬಾಯಿ ತೆರೆದು ನೋಡುತ್ತಿದ್ದಳು. "ಅಜ್ಜಿ! ಇದನ್ನ ಯಾಕ ಹೇಳಲಿಲ್ಲ?"

"ಏನು ಹೇಳೂದವ್ವಾ? ಇದು ಮೇವಲ್ಲ, ಎಡಿ."

"ಅದರ ಹೊಟ್ಟಿಗೆ ಏನು ಗೊತ್ತು, ಎಡಿ ಯಾವುದು, ಮೇವು ಯಾವುದು ಅಂತ? ಅನ್ನ, ಬೆಲ್ಲ ಇಷ್ಟು ಒಮ್ಮಿಗೇ ಹೋದ್ರ ಹೊಟ್ಟಿ ಹುಳಿ ಆಗತೈತಿ!"

ಅಮಾವಾಸ್ಯೆ, ಹುಣ್ಣಿಮೆ, ಸೋಮವಾರ, ಯಾರದೋ ಮನೆಯ ಹಬ್ಬ. ನೆನಪಿಸಿಕೊಂಡೆ. ಆಕಳು ಮೋರೆ ತಿರುಗಿಸುತ್ತಿದ್ದುದು ಅವುಗಳ ಮರುದಿನವೇ!

ಆದರೆ ಎಡೆ ಬೇಡ ಅನ್ನುವುದು ಹೇಗೆ? ಆಚೆ ಮನೆಯ ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಎಡಿ ಆಕಳ ಬಾಯಿಗೆ ಬೀಳದೆ ನಾವು ಹೆಂಗ ಉಣ್ಣೂದು? ಸಾಲಿ ಕಲ್ತಾಕಿ ಹೇಳಿದ್ಲು ಅಂದ್ರ ದೇವ್ರು ಬಿಡ್ತಾನೇನು?"

ಮೊಮ್ಮಗಳು ನನ್ನ ಮೋರೆ ನೋಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಎದ್ದೆ. "ಎಡಿ ಬ್ಯಾಡ ಅಂದೋರು ಯಾರು? ಒಂದು ತುತ್ತು ಕೊಡು, ಉಳಿದದ್ದು ನಿನ್ನ ಮಕ್ಕಳು ಉಣ್ಣಲಿ. ಆಕಳ ಹೊಟ್ಟಿ ತುಂಬಿಸ್ಬೇಕಂದ್ರ ಒಂದು ಹೊರಿ ಹಸಿ ಹುಲ್ಲು ತಾ."

ಅವಳು ಗೊಣಗಿದಳು, ಆಮೇಲೆ ನಕ್ಕಳು. ಓಣಿಯೂ ಒಪ್ಪಿತು. ಮೊಮ್ಮಗಳು ಅಜ್ಜನನ್ನು ಕಾಡಿ ಬೇಡಿ ಆ ಸಂತೆಯನ್ನು ದಾಟಿಸಿದಳು. ಸಗಣಿ ಗಟ್ಟಿಯಾಯಿತು, ಮೆಲುಕು ಶುರುವಾಯಿತು. ಸಣ್ಣ ಚರಿಗೆಯಲ್ಲಿ ಹಾಲು ಹಿಂಡುತ್ತಿದ್ದ ನಾನು ಮತ್ತೆ ಬಕೀಟು ಹಿಡಿದೆ.

ಈಗ ಯಾವ ತಾಲೂಕಿನವರು ಮೊಬೈಲಿನಲ್ಲಿ ಮೇವಿನ ಮಾತು ಕೇಳಿದರೂ ಅದು ತಿರುಗಿ ಕೇಳುತ್ತದೆ: "ಹಬ್ಬ, ಅಮಾವಾಸ್ಯೆಗೆ ಎಡೆ ಇಡುತ್ತೀರಾ? ಎಷ್ಟು ಮನೆಯವರು?" ಆ ಪ್ರಶ್ನೆ ನಮ್ಮ ಓಣಿಯದು. ಅದನ್ನು ಒಳಗೆ ಹಾಕಿದವಳು ನನ್ನ ಮೊಮ್ಮಗಳು.

ಮೊನ್ನೆ ಅಮಾವಾಸ್ಯೆಗೆ, ಮಾರುತ್ತೇನೆಂದಿದ್ದ ಯಜಮಾನರೇ ಗೋದಲಿಯ ಮುಂದೆ ಕೋಲು ಹಿಡಿದು ಕಾವಲು ಕೂತಿದ್ದರು. "ಒಂದ ತುತ್ತು! ಒಂದ ಅಂದೇನಿ! ಏ ತಂಗಿ, ಅದು ತುತ್ತೇನು? ಸಗಣಿ ಕುಳ್ಳಿನಷ್ಟ ಐತಲ್ಲ!"