ಅವ್ವನ ಗಡಿಯಾರದ ಒಂದೂವರೆ ಗಂಟೆ

ಮೂಗೂರಿನ ನಮ್ಮ ಮನೆಯಲ್ಲಿ ಹೆಣ್ಣು ಕೊಡುವ ದೂರವನ್ನು ಮೈಲಿಯಲ್ಲಿ ಅಳೆಯುತ್ತಿರಲಿಲ್ಲ. ಬೆಳಗಿನ ಹಾಲು ಕರೆದು, ಡೇರಿಗೆ ಹಾಕಿ ಹೊರಟರೆ ಮಗಳ ಮನೆಯಲ್ಲಿ ಉಂಡು, ಸಂಜೆಯ ಹಾಲು ಕರೆಯುವ ಹೊತ್ತಿಗೆ ವಾಪಸ್ಸು ಬರಬೇಕು. ಅಷ್ಟು ದೂರಕ್ಕೆ ಕೊಡಬಹುದು, ಅದರಾಚೆಗೆ ಬೇಡ. ಅಕ್ಕನನ್ನು ಕವಲಂದೆಗೆ ಕೊಟ್ಟದ್ದು ಈ ಲೆಕ್ಕದಲ್ಲೇ. ನಂಜನಗೂಡಿನಲ್ಲಿ ಬಸ್ಸು ತಪ್ಪಿದ ದಿನ ಅವ್ವ ಅಕ್ಕನ ಮನೆಯಲ್ಲಿ ಉಣ್ಣದೆ, ಬರೀ ಕಾಫಿ ಕುಡಿದು ಓಡಿಬರುತ್ತಿದ್ದಳು.

ತಂಗಿ ಒಪ್ಪಿದ ಗಂಡು ನಂಜನಗೂಡಿನವನೇ. ಆದರೆ ಕೆಲಸ ದುಬೈನಲ್ಲಿ, ಏಸಿ ರಿಪೇರಿ. ಅವ್ವ ಹುಡುಗನನ್ನು ನೋಡಿದಳು, ಮೆಚ್ಚಿದಳು, ಆಗಲ್ಲ ಎಂದಳು. ತಂಗಿ ಎರಡು ದಿನ ಊಟ ಬಿಟ್ಟಳು. ಅಂದರೆ ಅವ್ವನ ಎದುರಿಗೆ ಬಿಟ್ಟಳು. ತಂಗಿಯ ಮುಖ ನೋಡಲಾರದೆ ನಾನು ಮೊಬೈಲಿನಲ್ಲಿ ವಿಮಾನದ ವೇಳೆ ತೆಗೆದು ಅವ್ವನಿಗೆ ತೋರಿಸಿದೆ. ಬೆಂಗಳೂರು ಬಿಡುವುದು ಬೆಳಗ್ಗೆ ಹತ್ತು, ದುಬೈ ತಲುಪುವುದು ಹನ್ನೆರಡೂವರೆ.

“ಎಲ್ಡೂವರೆ ಗಂಟೆನಾ? ಕವಲಂದೆಗೂ ಅಷ್ಟೇ ಅಲ್ವಲಾ!”

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಹಾರಾಟ ನಿಜಕ್ಕೂ ನಾಲ್ಕು ಗಂಟೆ ಎಂಬುದನ್ನು ನಾನು ಹೇಳಲಿಲ್ಲ. ಮೂಗೂರಿನಿಂದ ವಿಮಾನ ನಿಲ್ದಾಣಕ್ಕೇ ಅರ್ಧ ದಿನ ಬೇಕೆಂಬುದನ್ನೂ ಹೇಳಲಿಲ್ಲ. ವಾಪಸ್ಸಿನ ವೇಳೆ ಕೇಳಿದಾಗ ಮೊಬೈಲಿನ ಚಾರ್ಜು ಮುಗಿಯಿತು ಎಂದೆ. ಮದುವೆ ಆಯಿತು.

ಮರುವರ್ಷ ಅವ್ವ ಹದಿನೈದು ದಿನಕ್ಕೆಂದು ದುಬೈಗೆ, ಮಗಳ ಮನೆಗೆ ಹೊರಟಳು. ಹಸು ಕರೆಯುವುದು ನನ್ನ ಪಾಲಿಗೆ ಬಂತು. ಅದು ಒದ್ದಾಗಲೆಲ್ಲ, ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡೆ. ಅಲ್ಲಿಂದ ಫೋನಿನಲ್ಲಿ ಅವ್ವ ಹಸುವನ್ನು ವಿಚಾರಿಸಿದಳೇ ಹೊರತು ನನ್ನನ್ನಲ್ಲ. ಆಗಲೇ ಅನುಮಾನ ಬಂದಿತ್ತು.

ಕರೆತರಲು ವಿಮಾನ ನಿಲ್ದಾಣಕ್ಕೆ ಹೋದೆ. ಹೊರಗೆ ಬಂದವಳೇ ಮುಂಗೈ ಚಾಚಿ ಹೊಸ ಕೈಗಡಿಯಾರ ತೋರಿಸಿದಳು. ಆಗ ರಾತ್ರಿ ಎಂಟು ಗಂಟೆ, ಅದರಲ್ಲಿ ಆರೂವರೆ.

“ನೀ ಮುಚ್ಚಿಟ್ಟಿದ್ದ ಒಂದೂವರೆ ಗಂಟೆ ಇದ್ರಲ್ಲಿ ಅದೆ, ನೋಡ್ಲಾ ಕಳ್ಳ. ನಿನ್ ತಂಗಿ ಎಲ್ಲಾ ಏಳುದ್ಲು.”

ನನಗೆ ನಾಚಿಕೆಯಾಯಿತು. ಅವ್ವ ನಂಬುತ್ತಾಳೆ ಎಂದು ಗೊತ್ತಿದ್ದೇ ಆಡಿದ ಸುಳ್ಳು ಅದು.

“ತಪ್ಪಾಯ್ತು ಕಣವ್ವ. ಕೊಡು, ಟೈಮು ಸರಿ ಮಾಡ್ತೀನಿ,” ಎಂದೆ.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ ಬುಡು. ಆಲು ಕರಿಯಕ್ಕೆ ನಂಗೆ ಗಡಿಯಾರ ಬೇಕಾ? ಒತ್ತಾದ್ರೆ ಅಸನೇ ಕೂಗ್ತದೆ. ಅಲ್ಲಿ ಅವಳು ಎದ್ಲಾ, ಉಂಡ್ಲಾ ಅಂತ ನೋಡಕ್ಕೆ ಇದು ಇಂಗೇ ಇರ್ಲಿ.”